ಗಿಳಿ ಕೊಳ್ಳುವ ಮುನ್ನ

ಮಾತು ಕಲಿಯುವ ಗಿಳಿಮರಿಯನ್ನು ನಂಬಿಕಸ್ಥರಿಂದ ಕೊಳ್ಳುವುದು ಹೇಗೆಂದು ಮಹಾಲಿಂಗಪುರದ ಕಡೆಯ ವೀಕ್ಷಕರೊಬ್ಬರು ಕೇಳಿದ್ದಾರೆ. ಗೋವಿನಜೋಳದ ಹೊಲಕ್ಕೆ ಹಿಂಡಾಗಿ ಎರಗುವ ನಮ್ಮ ಹಸಿರು ಗಿಳಿ ಅವರ ಮನಸ್ಸಿನಲ್ಲಿದ್ದರೆ, ಅದನ್ನು ಯಾರಿಂದಲೂ ಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. "ಮನೆಯಲ್ಲೇ ಮರಿ ಮಾಡಿಸಿದ್ದು" ಎಂಬ ಮಾತನ್ನು ನಂಬಬೇಡಿ. ಅಂಥ ಮರಿ ಸಾಮಾನ್ಯವಾಗಿ ಮರದ ಪೊಟರೆಯಿಂದ ಕಿತ್ತು ತಂದದ್ದೇ.

ಕೊಳ್ಳಬಹುದಾದವು ವಿದೇಶೀ ಮೂಲದ ಬಜರಿಗರ್, ಕಾಕಟೀಲ್‌ಗಳಂಥವು. (ನಮ್ಮ ಊರುಗಳಲ್ಲಿ 'ಲವ್ ಬರ್ಡ್ಸ್' ಎಂದು ಮಾರುವುದು ಹೆಚ್ಚಾಗಿ ಬಜರಿಗರ್ ಅನ್ನೇ!) ಆಫ್ರಿಕದ ಬೂದು ಗಿಳಿ, ಮಕಾವ್‌ಗಳಾದರೆ 2024ರ ನಿಯಮಗಳಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯಾಗಿರಬೇಕು. ಆ ಕಾಗದ ನೋಡದೆ ಹಣ ಕೊಡಬೇಡಿ.

ಸಾಕುವವರ ಮನೆಗೇ ಹೋಗಿ ತಾಯಿ-ತಂದೆ ಹಕ್ಕಿಗಳನ್ನು ತೋರಿಸಲು ಕೇಳಿ. ಕಾಲಿನ ಬಳೆ ನೋಡಿ. ಸೀಳಿಲ್ಲದ ಬಳೆಯನ್ನು ಮರಿ ಕೆಲವೇ ದಿನಗಳದ್ದಿರುವಾಗ ಮಾತ್ರ ತೊಡಿಸಲು ಸಾಧ್ಯ. ಬೆಳೆದ ಹಕ್ಕಿಯ ಪಾದವನ್ನು ಅದು ದಾಟದು. ಹಾಗಾಗಿ ಹಕ್ಕಿ ಸಾಕಣೆಯಲ್ಲೇ ಹುಟ್ಟಿತೆನ್ನಲು ಅದು ಒಳ್ಳೆಯ ಗುರುತು.

"ಕೈತುತ್ತು ಕೊಟ್ಟರೆ ಬೇಗ ಪಳಗುತ್ತದೆ" ಎಂದು ಪುಕ್ಕ ಮೂಡದ ಮರಿಯನ್ನು ಕೊಡುವವರೂ ಇದ್ದಾರೆ. ಅವರಿಂದ ದೂರವಿರಿ. ಗಂಜಿ ಹೆಚ್ಚು ಬಿಸಿಯಾದರೆ ಮರಿಯ ಗಂಟಲಚೀಲ ಸುಡುತ್ತದೆ. ತಣ್ಣಗಾದರೆ ಅಲ್ಲೇ ನಿಂತು ಹುಳಿಯುತ್ತದೆ. ತಾನಾಗಿ ಕಾಳು ಬಿಡಿಸಿ ತಿನ್ನುವುದನ್ನು ಕಣ್ಣಾರೆ ಕಂಡ ಮೇಲಷ್ಟೇ ಮನೆಗೆ ತನ್ನಿ.

ಮನೆಯಲ್ಲಿ ಈಗಾಗಲೇ ಹಸಿರು ಗಿಳಿ ಇದ್ದರೆ? ಪಂಜರ ತೆರೆದು ಬಿಡಬೇಡಿ. ರೆಕ್ಕೆ ಕತ್ತರಿಸಿದ ಹಕ್ಕಿ ಬೆಕ್ಕಿನ ಪಾಲಾದೀತು. ಅರಣ್ಯ ಇಲಾಖೆಗೆ ಒಪ್ಪಿಸಿ.