ಊರ ಆಸ್ಪತ್ರೆಯನ್ನು ಅಳೆಯುವ ಬಗೆ

“ನಿಮ್ಮ ಊರಿನ ಆಸ್ಪತ್ರೆ ಹೇಗಿದೆ?” ಎಂದು ಯಾರನ್ನಾದರೂ ಕೇಳಿ ನೋಡಿ, ಉತ್ತರಕ್ಕೆ ಕಾಯಬೇಕಾಗಿಲ್ಲ. “ದೇವರಂಥ ಡಾಕ್ಟರಿದ್ದಾರೆ” ಎನ್ನುವರು ಒಬ್ಬರು. “ಅಲ್ಲಿಗೆ ಯಾರು ಹೋಗುತ್ತಾರೆ?” ಎಂದು ಮೂಗು ಮುರಿಯುವರು ಮತ್ತೊಬ್ಬರು. ಇಬ್ಬರ ಮಾತೂ ಅವರವರ ಅನುಭವದ ಮಟ್ಟಿಗೆ ದಿಟವೇ. ಆದರೆ ಅನ್ನ ಬೆಂದಿದೆಯೆ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂಬ ನ್ಯಾಯ ಆಸ್ಪತ್ರೆಯ ವಿಷಯದಲ್ಲಿ ನಡೆಯದು. ಒಬ್ಬೊಬ್ಬ ರೋಗಿಯ ಕಾಯಿಲೆ, ವಯಸ್ಸು, ಆಸ್ಪತ್ರೆಗೆ ಬಂದ ವೇಳೆ ಬೇರೆ ಬೇರೆ. ಎಲ್ಲರೂ ಒಂದೇ ಪಾತ್ರೆಯ ಅಗುಳುಗಳಲ್ಲ.

ಆದರೂ ಊರ ಆಸ್ಪತ್ರೆಯನ್ನು ಅಳೆಯಲೇಬೇಕು. ಸರಕಾರಿ ಆಸ್ಪತ್ರೆ ನಡೆಯುವುದು ನಾವು ತೆತ್ತ ತೆರಿಗೆಯಿಂದ. ನಡುರಾತ್ರಿಯಲ್ಲಿ ಹೆರಿಗೆಯ ನೋವು ಬಂದಾಗ, ಹೊಲದಲ್ಲಿ ಹಾವು ಕಚ್ಚಿದಾಗ, ಬಹುಮಂದಿಗೆ ಹತ್ತಿರ ಇರುವುದು ಅದೊಂದೇ. ಅಳತೆಯ ಬಾಬುಗಳು ಮೂರು: ಗುಣ, ಜನ ಮತ್ತು ಹಣ. ಈ ಮೂರೂ ಜಡೆಯ ಎಳೆಗಳಂತೆ ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಉಳಿದೆರಡೂ ಅಲುಗುತ್ತವೆ.

ಹಾಸಿಗೆಯ ಲೆಕ್ಕ

ಮೊದಲು ಹಾಸಿಗೆಯಿಂದ ಪ್ರಾರಂಭಿಸೋಣ. 1946ರಲ್ಲಿ ಭೋರ್ ಸಮಿತಿ ತನ್ನ ವರದಿಯನ್ನು ಒಪ್ಪಿಸಿದಾಗ ಬ್ರಿಟಿಷ್ ಇಂಡಿಯಾದಲ್ಲಿ ಸಾವಿರ ಜನಕ್ಕೆ ಕಾಲು ಹಾಸಿಗೆಯೂ ಪೂರ್ತಿ ಇರಲಿಲ್ಲ; ಇದ್ದದ್ದು 0.24. ಅಂದಿನಿಂದ ಹಾಸಿಗೆಗಳು ಹೆಚ್ಚಿವೆ. ಆದರೆ ಹಾಸಿಗೆ ಇದ್ದಮಾತ್ರಕ್ಕೆ ಆಸ್ಪತ್ರೆಯಾಗುವುದಿಲ್ಲ. ಅದು ಎಷ್ಟು ದಿನ ರೋಗಿಗೆ ಒದಗಿತು ಎಂಬುದು ಮುಖ್ಯ.

ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ 100 ಹಾಸಿಗೆಗಳಿವೆ ಎಂದು ಭಾವಿಸೋಣ. ಮೂವತ್ತು ದಿನದ ತಿಂಗಳಿಗೆ 3,000 ಹಾಸಿಗೆ-ದಿನಗಳಾದವು. ಪ್ರತಿ ರಾತ್ರಿ ಮಲಗಿದ್ದ ರೋಗಿಗಳನ್ನು ಎಣಿಸಿ ಕೂಡಿದಾಗ 2,400 ಬಂದಿತೆನ್ನೋಣ. ಆಗ ಹಾಸಿಗೆಗಳು ಶೇಕಡಾ 80ರಷ್ಟು ತುಂಬಿದ್ದವು ಎಂದರ್ಥ. ಆ ತಿಂಗಳು 600 ಮಂದಿ ಬಿಡುಗಡೆಯಾಗಿದ್ದರೆ ಒಬ್ಬೊಬ್ಬರು ಸರಾಸರಿ 4 ದಿನ ಇದ್ದಂತಾಯಿತು.

ಈ ಎರಡು ಸಣ್ಣ ಅಂಕೆಗಳೇ ಬಹಳ ವಿಷಯ ಹೇಳುತ್ತವೆ. ಹಾಸಿಗೆಗಳು ಶೇಕಡಾ 40ರಷ್ಟು ಮಾತ್ರ ತುಂಬಿದ್ದರೆ ಜನರಿಗೆ ಅಲ್ಲಿ ನಂಬಿಕೆಯಿಲ್ಲವೆಂದೋ, ತಜ್ಞ ವೈದ್ಯರ ಸ್ಥಾನ ಖಾಲಿಯಿದೆಯೆಂದೋ ಅನುಮಾನಿಸಬೇಕು. ನೂರನ್ನು ಮೀರಿದರೆ ಯಾರೋ ನೆಲದ ಮೇಲೆ ಮಲಗಿದ್ದಾರೆ. ಶೇಕಡಾ 80ರ ಆಸುಪಾಸು ಒಳ್ಳೆಯದು. ಬಸ್ಸು ಉರುಳಿದ ದಿನ ಬಂದವರಿಗೆ ಆಗ ಜಾಗವಿರುತ್ತದೆ. ಸರಾಸರಿ ವಾಸದ ದಿನ ಇಳಿದರೆ ಅದನ್ನು ದಕ್ಷತೆಯೆಂದು ಹಿಗ್ಗುವ ಮೊದಲು, ಬಾಣಂತಿಯನ್ನು ಹೆರಿಗೆಯಾದ ಮರುದಿನವೇ ಮನೆಗೆ ಅಟ್ಟಿದರೇನೋ ಎಂದು ವಿಚಾರಿಸಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್ ಹೆರಿಗೆಗೆ 7 ದಿನ ಆಸ್ಪತ್ರೆಯಲ್ಲಿ ಉಚಿತ ಊಟ ಕೊಡಬೇಕೆಂದು ಗೊತ್ತುಮಾಡಿದ್ದು ಸುಮ್ಮನಲ್ಲ.

ಒಬ್ಬ ನರ್ಸಿಗೆ ನಾಲ್ವರು

ಇನ್ನು ಸಿಬ್ಬಂದಿಯ ವಿಚಾರ. “ನಮ್ಮ ಆಸ್ಪತ್ರೆಗೆ 20 ಮಂದಿ ನರ್ಸುಗಳಿದ್ದಾರೆ” ಎಂದು ಕೇಳಿದರೆ ನೂರು ಹಾಸಿಗೆಗೆ ಐದಕ್ಕೊಬ್ಬರಾಯಿತು, ಸಾಲದೆ, ಎನ್ನಿಸುತ್ತದೆ. ಆದರೆ ಕಾಯಿಲೆಗೆ ಭಾನುವಾರವಿಲ್ಲ, ರಾತ್ರಿಯೂ ಇಲ್ಲ. ವರ್ಷಕ್ಕೆ 8,760 ಗಂಟೆಗಳು. ಒಬ್ಬ ನರ್ಸು ದಿನಕ್ಕೆ 8 ಗಂಟೆಯಂತೆ, ವಾರದ ರಜೆ 52 ದಿನ ಹಾಗೂ ಇತರ ರಜೆ ಸುಮಾರು 40 ದಿನ ಕಳೆದು, 273 ದಿನ ದುಡಿದರೆ 2,184 ಗಂಟೆಗಳಾಗುತ್ತವೆ. ಆದುದರಿಂದ ಒಂದು ಜಾಗದಲ್ಲಿ ಹಗಲೂ ರಾತ್ರಿ ಒಬ್ಬರು ಇರಬೇಕಾದರೆ ಪಟ್ಟಿಯಲ್ಲಿ ನಾಲ್ವರಿರಬೇಕು.

ಈಗ ಲೆಕ್ಕವನ್ನು ಮುಂದುವರಿಸಿ. ಪಟ್ಟಿಯಲ್ಲಿ 20 ಮಂದಿ ಎಂದರೆ ಯಾವುದೇ ಗಳಿಗೆಯಲ್ಲಿ ಕೆಲಸದ ಮೇಲಿರುವವರು ಐವರು. ಹೆರಿಗೆ ಕೋಣೆಗೆ ಒಬ್ಬರು, ಶಸ್ತ್ರಕ್ರಿಯೆಯ ಕೋಣೆಗೆ ಒಬ್ಬರು, ತುರ್ತು ಚಿಕಿತ್ಸೆಗೆ ಒಬ್ಬರು. ಉಳಿದವರು ಇಬ್ಬರು. ವಾರ್ಡುಗಳಲ್ಲಿ ಸರಾಸರಿ 80 ರೋಗಿಗಳು ಮಲಗಿದ್ದಾರೆ. ಒಬ್ಬ ನರ್ಸಿಗೆ 40 ಮಂದಿ! ರಾತ್ರಿ ಎರಡು ಗಂಟೆಗೆ ಬಾಣಂತಿಗೆ ರಕ್ತಸ್ರಾವವಾಗುತ್ತಿದ್ದರೆ ಅದು ಆಕೆಯ ಕಣ್ಣಿಗೆ ಬೀಳುವುದು ಅದೃಷ್ಟದ ಮಾತು. “ಕರೆದರೆ ಬರಲಿಲ್ಲ” ಎಂದು ನರ್ಸಿನ ಮೇಲೆ ರೇಗುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಇದು ಕೇವಲ ಊಹೆಯ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ 168 ಆಸ್ಪತ್ರೆಗಳನ್ನು ಲಿಂಡಾ ಐಕೆನ್ ಎಂಬ ವಿದ್ವಾಂಸೆ ಮತ್ತು ಅವರ ಸಂಗಡಿಗರು ಪರಿಶೀಲಿಸಿ 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನರ್ಸಿನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಿದಂತೆಲ್ಲ, ಶಸ್ತ್ರಚಿಕಿತ್ಸೆಗೆ ಬಂದವರು ಮೂವತ್ತು ದಿನದೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಹೆಚ್ಚುತ್ತಿತ್ತು. ಕ್ಯಾಲಿಫೋರ್ನಿಯ ರಾಜ್ಯ 1999ರಲ್ಲಿ ಇದಕ್ಕೊಂದು ಶಾಸನವನ್ನೇ ಮಾಡಿತು. ಅದು 2004ರಲ್ಲಿ ಜಾರಿಗೆ ಬಂದು, 2005ರಿಂದ ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸಿಗೆ ಐವರಿಗಿಂತ ಹೆಚ್ಚು ರೋಗಿಗಳಿರಕೂಡದೆಂಬ ಮಿತಿ ಏರ್ಪಟ್ಟಿತು.

ಗುಣವನ್ನು ತೂಗುವ ತಕ್ಕಡಿ

ಹಾಸಿಗೆಯನ್ನು ಎಣಿಸಬಹುದು, ನರ್ಸುಗಳನ್ನು ಎಣಿಸಬಹುದು. ಗುಣವನ್ನು ಎಣಿಸುವುದೆಂತು? ಲೆಬನಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು 1966ರಲ್ಲಿ ಇದಕ್ಕೆ ಮೂರು ಮೆಟ್ಟಿಲುಗಳನ್ನು ಹೇಳಿದರು. ಮೊದಲನೆಯದು ಸಾಧನ: ಕಟ್ಟಡ, ಉಪಕರಣ, ಸಿಬ್ಬಂದಿ. ಎರಡನೆಯದು ವಿಧಾನ: ಮಾಡಬೇಕಾದುದನ್ನು ಮಾಡಿದರೆ? ಕೈ ತೊಳೆದರೆ? ರಕ್ತದ ಒತ್ತಡ ನೋಡಿದರೆ? ಮೂರನೆಯದು ಫಲ: ರೋಗಿ ಗುಣ ಹೊಂದಿದನೆ?

ಫಲವೇ ಮುಖ್ಯವೆನ್ನುವುದು ಸರಿ, ಆದರೆ ಅದನ್ನು ಅಳೆಯುವಾಗ ಎಡವುವುದೂ ಸುಲಭ. ಆಸ್ಪತ್ರೆಗಳೆಲ್ಲ ಒಂದೇ ಬಗೆಯ ಅಂಕಿ-ಅಂಶಗಳನ್ನು ಇಡಬೇಕೆಂದು ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಸೂಚಿಸಿದ ಮಹನೀಯೆ. ಆಕೆಯ ಆಸ್ಪತ್ರೆಗಳ ಕುರಿತ ಗ್ರಂಥದ 1863ರ ಆವೃತ್ತಿಯಲ್ಲಿಯೇ ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ಶೇಕಡಾ 90ನ್ನು ಮೀರಿತೆಂದು ಅಚ್ಚಾಯಿತು. ಕಾರಣವೇನೆಂದರೆ, ಇಡೀ ವರ್ಷದ ಸಾವುಗಳನ್ನು 1861ರ ಏಪ್ರಿಲಿನ ಒಂದು ದಿನ ಮಲಗಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಲಾಗಿತ್ತು. ವರ್ಷವೆಲ್ಲ ಬಂದುಹೋದವರ ಸಂಖ್ಯೆಯಿಂದ ಭಾಗಿಸಿದ್ದರೆ ಆ ಪ್ರಮಾಣ ಎಷ್ಟೋ ಪಾಲು ಇಳಿಯುತ್ತಿತ್ತು. ಶೇಕಡಾವಾರು ಕೇಳಿದಾಗಲೆಲ್ಲ “ಯಾವುದರಿಂದ ಭಾಗಿಸಿದಿರಿ?” ಎಂದು ಕೇಳುವ ಅಭ್ಯಾಸ ಒಳ್ಳೆಯದು.

ನಮ್ಮ ಕಡೆಯ ಎಡವು ಬೇರೆ ತೆರನದು. ಸ್ಥಿತಿ ಬಿಗಡಾಯಿಸಿದ ರೋಗಿಯನ್ನು ಆಂಬುಲೆನ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಸಾಗಿಸಿದರೆ ಆ ಸಾವು ತಾಲ್ಲೂಕಿನ ಲೆಕ್ಕಕ್ಕೆ ಸೇರುವುದಿಲ್ಲ. ಕಳುಹಿಸುವುದು ಅನೇಕ ವೇಳೆ ಸರಿಯಾದ ನಿರ್ಧಾರವೇ. ಆದರೆ ಮರಣಗಳ ಪಕ್ಕದಲ್ಲಿ ಹೊರಗೆ ಕಳುಹಿಸಿದವರ ಸಂಖ್ಯೆಯನ್ನೂ, ಅವರ ಮುಂದಿನ ಗತಿಯನ್ನೂ ಬರೆಯದಿದ್ದರೆ, ಏನೂ ಮಾಡದ ಆಸ್ಪತ್ರೆಯೇ ಎಲ್ಲಕ್ಕಿಂತ ಸುರಕ್ಷಿತವೆಂದು ತೋರುತ್ತದೆ. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ ಈ ಮುಚ್ಚುಮರೆಯನ್ನು ಒಪ್ಪಲಿಲ್ಲ. 1911ರಲ್ಲಿ ತಮ್ಮದೇ ಸಣ್ಣ ಆಸ್ಪತ್ರೆ ತೆರೆದು, ಬಿಡುಗಡೆಯಾದವರ ಸ್ಥಿತಿಯನ್ನು ಆಮೇಲೆಯೂ ವಿಚಾರಿಸಿ ಬರೆದಿಟ್ಟರು. 1916ರವರೆಗೆ 337 ರೋಗಿಗಳು. ತಮ್ಮಿಂದಾದ ತಪ್ಪುಗಳು 123 ಎಂದು ತಾವೇ ಅಚ್ಚುಹಾಕಿಸಿದರು.

ಭಾರತದಲ್ಲಿ ಸರಕಾರಿ ಆಸ್ಪತ್ರೆಗಳಿಗಾಗಿ ರಾಷ್ಟ್ರೀಯ ಗುಣಮಟ್ಟ ಭರವಸೆಯ ಮಾನದಂಡಗಳು 2013ರಲ್ಲಿಯೂ, ಶುಚಿತ್ವಕ್ಕಾಗಿ ಕಾಯಕಲ್ಪ ಪ್ರಶಸ್ತಿ 2015ರಲ್ಲಿಯೂ ಬಂದಿವೆ. ಪ್ರಶಸ್ತಿಯ ಫಲಕ ಗೋಡೆಯ ಮೇಲಿದ್ದರೆ ಸಂತೋಷವೇ. ಆದರೆ ತಪಾಸಣೆಯ ವಾರ ಕಳೆದ ಮೇಲೂ ಕೈತೊಟ್ಟಿಯ ಬಳಿ ಸಾಬೂನು ಇದೆಯೆ ಎಂಬುದು ನಿಜವಾದ ಪರೀಕ್ಷೆ.

ಹಣ: ಎರಡು ಚೀಲಗಳು

ನಮ್ಮ ಕಲ್ಪನೆಯ ಆಸ್ಪತ್ರೆಯ ವಾರ್ಡುಗಳಿಗೆ ತಿಂಗಳಿಗೆ 60 ಲಕ್ಷ ರೂಪಾಯಿ ತಗಲುತ್ತದೆಂದು ಇಟ್ಟುಕೊಳ್ಳೋಣ. 2,400 ರೋಗಿ-ದಿನಗಳಿಂದ ಭಾಗಿಸಿದರೆ ದಿನವೊಂದಕ್ಕೆ 2,500 ರೂಪಾಯಿ. ರೋಗಿಗಳು ಅರ್ಧಕ್ಕೆ ಇಳಿದರೆ ವೆಚ್ಚವೂ ಅರ್ಧವಾದೀತೆ? ಇಲ್ಲ. ಸಂಬಳ, ಕಟ್ಟಡ, ವಿದ್ಯುತ್ತು ಹಾಗೆಯೇ ಉಳಿಯುತ್ತವೆ. ಇಳಿಯುವುದು ಔಷಧಿ, ಊಟಗಳ ಬಾಬು ಮಾತ್ರ. ವೆಚ್ಚ 54 ಲಕ್ಷಕ್ಕೆ ಇಳಿದು 1,200 ರೋಗಿ-ದಿನಗಳಾದರೆ ದಿನದ ವೆಚ್ಚ 4,500ಕ್ಕೆ ಏರುತ್ತದೆ. ಜನ ಬಿಟ್ಟುಹೋದ ಆಸ್ಪತ್ರೆಯೇ ಎಲ್ಲಕ್ಕಿಂತ ದುಬಾರಿ.

ಗುಣ ಕೆಟ್ಟರೂ ಹಣ ಸೋರುತ್ತದೆ. ಗಾಯಕ್ಕೆ ಸೋಂಕು ತಗಲಿ 100 ರೋಗಿಗಳು ತಲಾ 6 ದಿನ ಹೆಚ್ಚು ಮಲಗಿದರೆ 600 ಹಾಸಿಗೆ-ದಿನಗಳು ಹೋದವು. ಅಷ್ಟರಲ್ಲಿ ತಲಾ 4 ದಿನದಂತೆ 150 ಮಂದಿಗೆ ಚಿಕಿತ್ಸೆಯಾಗುತ್ತಿತ್ತು. ನರ್ಸಿನ ಸಂಬಳದಲ್ಲಿ ಉಳಿಸಿದ್ದು ಹೀಗೆ ಇನ್ನೊಂದು ಬಾಗಿಲಿನಿಂದ ಹೊರಟುಹೋಗುತ್ತದೆ.

ಇದು ಸರಕಾರದ ಚೀಲದ ಮಾತು. ರೋಗಿಯ ಚೀಲ ಬೇರೆ. ಚೀಟಿ ಬರೆದುಕೊಟ್ಟು ಹೊರಗಿನಿಂದ ತರಿಸುವ ಔಷಧಿ, ಪಟ್ಟಣದ ಸ್ಕ್ಯಾನು, ಬಸ್ಸಿನ ದರ, ಜೊತೆಗಿದ್ದವರ ಊಟ, ಹೋದ ಕೂಲಿ: ಇವಾವುವೂ ಆಸ್ಪತ್ರೆಯ ಪುಸ್ತಕದಲ್ಲಿ ಕಾಣವು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಚಿಕಿತ್ಸೆಯ ವೇಳೆಯಲ್ಲಿ ಕೈಯಿಂದ ತೆತ್ತ ಪಾಲು 2013–14ರಲ್ಲಿ ಶೇಕಡಾ 64.2 ಇದ್ದುದು 2021–22ರಲ್ಲಿ 39.4ಕ್ಕೆ ಇಳಿದಿದೆಯೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳು ಹೇಳುತ್ತವೆ. ಇಳಿದದ್ದು ಸಮಾಧಾನದ ಸಂಗತಿ, ಉಳಿದದ್ದೂ ಹಗುರವಲ್ಲ.

ನಾವು ಕೇಳಬಹುದಾದದ್ದು

ಕರ್ನಾಟಕದ ಸರಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳುಂಟು. ಅಲ್ಲಿನ ಸದಸ್ಯರ ಮುಂದೆ ಊರಿನವರು ಇಡಬಹುದಾದ ಪ್ರಶ್ನೆಗಳು ಐದು. ಹೋದ ತಿಂಗಳು ಹಾಸಿಗೆಗಳು ಎಷ್ಟರ ಮಟ್ಟಿಗೆ ತುಂಬಿದ್ದವು? ರಾತ್ರಿಯ ಪಾಳಿಯಲ್ಲಿ ಎಷ್ಟು ನರ್ಸುಗಳು, ಎಷ್ಟು ರೋಗಿಗಳು? ಎಷ್ಟು ಮಂದಿಯನ್ನು, ಯಾವ ಕಾರಣಕ್ಕೆ ಬೇರೆಡೆಗೆ ಕಳುಹಿಸಿದಿರಿ? ಶಸ್ತ್ರಕ್ರಿಯೆಯಾದವರಲ್ಲಿ ಎಷ್ಟು ಮಂದಿಗೆ ಸೋಂಕಾಯಿತು? ಎಷ್ಟು ದಿನ ಯಾವ ಔಷಧಿಯ ದಾಸ್ತಾನು ಇರಲಿಲ್ಲ? ಬಾಯಿಮಾತಿನಲ್ಲಿ ಉತ್ತರ ದೊರೆಯದಿದ್ದರೆ 2005ರ ಮಾಹಿತಿ ಹಕ್ಕಿನ ಶಾಸನವಿದೆ.

ಹೀಗೆ ಕೇಳುವುದರಿಂದ ವೈದ್ಯರಿಗೆ ಅವಮಾನವೇನೂ ಇಲ್ಲ. ಇಬ್ಬರು ನರ್ಸುಗಳನ್ನು ಇಟ್ಟುಕೊಂಡು ಎಂಬತ್ತು ರೋಗಿಗಳನ್ನು ನೋಡುವ ವೈದ್ಯಾಧಿಕಾರಿಗೆ ಮೇಲಿನವರ ಬಳಿ ಹೋಗಿ ಕೇಳಲು ಈ ಅಂಕೆಗಳೇ ಬಲ. ಊರಿನವರು ಅದೇ ಅಂಕೆಗಳನ್ನು ಹಿಡಿದು ಅವರ ಬೆನ್ನಿಗೆ ನಿಂತರೆ, ಖಾಲಿಯಿರುವ ಸ್ಥಾನಗಳು ಬೇಗ ತುಂಬುವ ಆಸೆಯಿದೆ.