ನಿಮಗಿದು ಗೊತ್ತೆ? ತನ್ನ ಹೊಗೆಯನ್ನೇ ಮತ್ತೆ ಕುಡಿಯುವ ಎಂಜಿನ್

ಡೀಸೆಲ್ ಕಾರಿನ ಎಂಜಿನ್ ತಾನು ಉಗುಳಿದ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಉಳಿದ ಇಂಧನವನ್ನು ಇನ್ನೊಮ್ಮೆ ಸುಡಲು ಈ ಏರ್ಪಾಡು ಎಂದುಕೊಂಡರೆ ತಪ್ಪು. ಆ ಹೊಗೆ ಬೇಕಾಗಿರುವುದೇ ಅದು ಉರಿಯುವುದಿಲ್ಲ ಎಂಬ ಕಾರಣಕ್ಕೆ. ಗಾಳಿಯಲ್ಲಿ ಶೇ 78ರಷ್ಟಿರುವ ಸಾರಜನಕ ಸಾಮಾನ್ಯವಾಗಿ ಯಾರ ತಂಟೆಗೂ ಹೋಗದ ಅನಿಲ. ಸಿಲಿಂಡರಿನೊಳಗೆ ಕಾವು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಮಾತ್ರ ಆಮ್ಲಜನಕದೊಂದಿಗೆ ಕೂಡಿ, ಶ್ವಾಸಕೋಶಕ್ಕೆ ಕೇಡು ಮಾಡುವ ನೈಟ್ರೋಜನ್ ಆಕ್ಸೈಡುಗಳಾಗುತ್ತದೆ. ಹೊಗೆಯನ್ನು ಮತ್ತೆ ಒಳಗೆ ಬಿಡುವ ಇಜಿಆರ್ ವಾಲ್ವ್ ತೆರೆದಾಗ, ಕೂಲರ್‌ನಲ್ಲಿ ತಣಿದ ಹೊಗೆ ಹೊಸ ಗಾಳಿಯ ಜೊತೆ ಸೇರುತ್ತದೆ. ಆಮ್ಲಜನಕದ ಪಾಲು ತಗ್ಗುತ್ತದೆ, ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಶಾಖವನ್ನು ಹೀರಿಕೊಳ್ಳುತ್ತವೆ, ಉರಿಯ ಕಾವು ಇಳಿಯುತ್ತದೆ.

ಇದರಿಂದ ಪಿಕಪ್ ಹೋಗುತ್ತದೆ, ಮಸಿ ಕಟ್ಟುತ್ತದೆ ಎಂದು ತಗಡು ಹಾಕಿಸಿ ಈ ಹೊಗೆಯ ದಾರಿ ಮುಚ್ಚಿಸುವವರಿದ್ದಾರೆ. ಮಸಿಯ ದೂರು ನಿಜವೇ: ಎಣ್ಣೆಯ ಆವಿಯೊಡನೆ ಸೇರಿ ಅದು ಗಾಳಿ ಒಳಹೋಗುವ ಮ್ಯಾನಿಫೋಲ್ಡಿನಲ್ಲಿ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಪಿಕಪ್ಪಿನ ಮಾತು ಅಷ್ಟು ಗಟ್ಟಿಯಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ನಿನ ಕಂಪ್ಯೂಟರ್ ಸಾಮಾನ್ಯವಾಗಿ ಈ ವಾಲ್ವನ್ನು ಮುಚ್ಚಿಯೇ ಬಿಡುತ್ತದೆ. ಆಗಲೂ ಎಳೆತ ಕುಂದಿದ್ದರೆ, ಮಸಿ ಹಿಡಿದು ವಾಲ್ವ್ ಅರೆತೆರೆದೇ ಸಿಕ್ಕಿಕೊಂಡಿರಬಹುದು. ಅದಕ್ಕೆ ಮದ್ದು ಬಿಚ್ಚಿ ತೊಳೆಯುವುದು, ತಗಡಲ್ಲ. ಭಾರತದ ಹೊಗೆ ನಿಯಮವಾದ ಬಿಎಸ್-4ರಲ್ಲಿ ಡೀಸೆಲ್ ಕಾರಿಗೆ ಕಿ.ಮೀ.ಗೆ 250 ಮಿಲಿಗ್ರಾಂ ಇದ್ದ ನೈಟ್ರೋಜನ್ ಆಕ್ಸೈಡ್ ಮಿತಿ, 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6ರಲ್ಲಿ 80ಕ್ಕೆ ಇಳಿದಿದೆ. ತಗಡು ಹಾಕಿದ ಕಾರು ಈ ಮಿತಿಯೊಳಗೆ ಉಳಿಯುವುದು ಕಷ್ಟ. ಆದರೆ ಎಮಿಷನ್ ಟೆಸ್ಟ್‌ನಲ್ಲಿ ಡೀಸೆಲ್ ವಾಹನದ ಹೊಗೆ ಎಷ್ಟು ದಟ್ಟವೆಂದಷ್ಟೇ ಅಳೆಯುವುದರಿಂದ, ಅದು ಅಲ್ಲಿ ಸಿಕ್ಕಿಬೀಳುವುದೂ ಇಲ್ಲ.