ಮೌಲಾಲಿ ಗುಡ್ಡದ ಬೆಳಗು ಒಂದೇ ಸಲಕ್ಕೆ ಸಿಗಲ್ಲ

ಹೈದರಾಬಾದಿನಲ್ಲಿ ಸೂರ್ಯೋದಯದ ಫೋಟೊ ಅಂದ್ರೆ ಎಲ್ಲರೂ ಗೋಲ್ಕೊಂಡ ಅಂತಾರೆ. ಆದ್ರೆ ಕೋಟೆಯ ಬಾಗಿಲು ತೆಗೆಯುವಷ್ಟರಲ್ಲಿ ಸೂರ್ಯ ನೆತ್ತಿಯತ್ತ ಹೊರಟಿರ್ತಾನೆ. ನನ್ನ ಓಟು ಮೌಲಾಲಿ ಗುಡ್ಡಕ್ಕೆ.

ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆ. ಮೇಲೆ ಕುತುಬ್ ಶಾಹಿ ಕಾಲದ ದರ್ಗಾ, ಬುಡದಲ್ಲಿ ಉರ್ದು ಕವಯಿತ್ರಿ ಮಹ್ ಲಖಾ ಬಾಯಿ ಚಂದಾ ಸಮಾಧಿ. ನಡುವೆ ನೂರಾರು ಮೆಟ್ಟಿಲು. ಮೊಣಕಾಲು ನೆನಪಿಟ್ಟುಕೊಳ್ಳುತ್ತೆ!

ಮತ್ತೆ ಮತ್ತೆ ಯಾಕೆ ಹತ್ತಬೇಕು? ಸೂರ್ಯ ದಿನಾ ಒಂದೇ ಕಡೆ ಹುಟ್ಟಲ್ಲ. ಇಲ್ಲಿ ಜೂನ್‌ನಿಂದ ಡಿಸೆಂಬರ್‌ಗೆ ಅವನು ಹುಟ್ಟುವ ಜಾಗ ದಿಗಂತದಲ್ಲಿ ಸುಮಾರು 49 ಡಿಗ್ರಿ ಸರಿಯುತ್ತೆ. ಮೌಲಾಲಿ ಇರೋದು ಊರಿನ ಈಶಾನ್ಯಕ್ಕೆ. ಹಳೇ ಹೈದರಾಬಾದ್ ನೋಡಬೇಕಾದ್ರೆ ನೈಋತ್ಯಕ್ಕೆ ಮುಖ ಮಾಡಬೇಕು. ಜೂನ್‌ನಲ್ಲಿ ಬೆಳಕು ಹೆಚ್ಚುಕಡಿಮೆ ಬೆನ್ನ ಹಿಂದಿನಿಂದ ಬೀಳುತ್ತೆ, ಕಟ್ಟಡಗಳೆಲ್ಲ ಚಪ್ಪಟೆ. ಡಿಸೆಂಬರ್‌ನಲ್ಲಿ ಅದೇ ಬೆಳಕು ಎಡಗಡೆಯಿಂದ ಬರುತ್ತೆ. ಆಗ ಪ್ರತಿ ಬಂಡೆಗೂ, ಗುಮ್ಮಟಕ್ಕೂ ನೆರಳಿನ ಅಂಚು ಮೂಡುತ್ತೆ.

ಚಳಿಗಾಲದಲ್ಲಿ ಇನ್ನೊಂದು ಆಟ: ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ. ಹೊಗೆ, ಧೂಳು ಕೆಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಕೆಲವು ದಿನ ಚೆಂದದ ಮಬ್ಬು, ಕೆಲವು ದಿನ ಏನೂ ಕಾಣಲ್ಲ. ಮೋಡವಂತೂ ಯಾರ ಮಾತೂ ಕೇಳಲ್ಲ.

ಒಂದೇ ಬಂಡೆ ಗುರುತು ಮಾಡಿ, ಅಲ್ಲಿಂದಲೇ ತೆಗೆಯಿರಿ. ಆಗಲೇ ಚಿತ್ರಗಳನ್ನು ಹೋಲಿಸೋಕೆ ಬರುತ್ತೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಮೇಲಿರಿ. ಜನವರಿಯಲ್ಲಿ ಸೂರ್ಯ ಏಳೋದು 6.50ರ ಸುಮಾರಿಗೆ, ಜೂನ್ ಆರಂಭದಲ್ಲಿ 5.40ಕ್ಕೇ.

ಇದು ಜನ ಪ್ರಾರ್ಥನೆಗೆ ಬರುವ ಜಾಗ. ಅವರತ್ತ ಕ್ಯಾಮೆರಾ ತಿರುಗಿಸೋ ಮುಂಚೆ ದಯವಿಟ್ಟು ಒಂದು ಮಾತು ಕೇಳಿ.